ದೇಸೂರ ಬರುವತನಕ ಅದು ಗೋಲು

ನಮ್ಮ ಲೀಗಿನ ರೆಫರಿ ಒಬ್ಬ ಟೇಲರ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದರಲ್ಲಿ ಫುಟ್‌ಬಾಲಿನಷ್ಟೇ ಪ್ಯಾಂಟಿನ ಕೈವಾಡವೂ ಇದೆ. ಎಪ್ಪತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಬೆಳಗಾವಿಯ ಅರ್ಧಕ್ಕರ್ಧ ಆಟಗಾರರ ಬಟ್ಟೆ ಅವರ ಅಂಗಡಿಗೇ ಹೋಗುತ್ತಿತ್ತು. ಹೀಗಾಗಿ ಮೈದಾನದಲ್ಲಿ ರೆಫರಿಯನ್ನು ಬೈಯುವ ಮುನ್ನ ಪ್ರತಿಯೊಬ್ಬನೂ ಒಂದು ಕ್ಷಣ ತಡೆದು ಯೋಚಿಸುತ್ತಿದ್ದ: ನನ್ನ ಪ್ಯಾಂಟು ಕೈಗೆ ಬಂದಿದೆಯೋ, ಇಲ್ಲವೋ? ಬಂದವರು ಬೈಯುತ್ತಿದ್ದರು. ಬರದವರು "ಕಾಕಾ, ಸ್ವಲ್ಪ ನೋಡ್ರೆಲಾ" ಎಂದು ಕೈಮುಗಿಯುತ್ತಿದ್ದರು. ಲೀಗಿನ ಕೊನೆಯ ಪಂದ್ಯಗಳು ಸರಿಯಾಗಿ ದೀಪಾವಳಿಯ ಮುಂದೆ ಬರುತ್ತಿದ್ದವು. ಹೊಡೆದಾಟವೇ ಆಗಬೇಕಾದ ದಿನಗಳಲ್ಲಿ ನಮ್ಮಲ್ಲಿ ಕಾಣುತ್ತಿದ್ದಷ್ಟು ಮರ್ಯಾದೆ ಮದುವೆಯ ಪಂಕ್ತಿಯಲ್ಲೂ ಕಾಣುತ್ತಿರಲಿಲ್ಲ.

ಟೇಲರ್ ಕಾಕಾನ ಕಣ್ಣೇ ಟೇಪು. "ಚೆಂಡು ಹೊರಗ ಹೋಗಿತ್ತೇನ್ರಿ?" ಎಂದು ಯಾರಾದರೂ ಕೇಳಿದರೆ "ಹೋಗಿತ್ತು" ಎಂದು ಹೇಳಿದವರಲ್ಲ. "ಒಂದೂವರಿ ಇಂಚು" ಎನ್ನುತ್ತಿದ್ದರು. ಫ್ರೀ ಕಿಕ್ಕಿಗೆ ಹತ್ತು ಗಜ ಅಳೆಯುವಾಗ, ಕೆಳಗೆ ಬಿದ್ದ ಸೂಜಿ ಹುಡುಕುವವರಂತೆ ಕತ್ತು ಬಗ್ಗಿಸಿ, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ಹಚ್ಚಿ ಹಚ್ಚಿ ನಡೆಯುತ್ತಿದ್ದರು. ಸೀಟಿಯನ್ನು ಗುಂಡುಸೂಜಿಯ ಹಾಗೆ ತುಟಿಯ ಮೂಲೆಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಇನ್ನು ಗೋಲಾದಾಗ ಅವರು ಮಾಡುತ್ತಿದ್ದ ಸನ್ನೆ ಭೂಮಿಯ ಮೇಲೆ ಬೇರೆ ಯಾವ ರೆಫರಿಯೂ ಮಾಡಿರಲಿಕ್ಕಿಲ್ಲ. ಬಲಗೈಯನ್ನು ನೇರ ನಡುಮೈದಾನದತ್ತ ಚಾಚುವುದು, ಎಡಗೈಯನ್ನು ಬಲಭುಜದ ಮೇಲೆ ಇಡುವುದು. ತೋಳಿನ ಅಳತೆ ತೆಗೆಯುವುದು ಹೀಗೇ ಅಲ್ಲವೇ? ಪಾಪ, ಹಗಲೆಲ್ಲ ಮಾಡಿದ್ದು ಸಂಜೆ ಮೈದಾನದಲ್ಲೂ ಕೈಗೆ ಬಂದುಬಿಡುತ್ತಿತ್ತು.

ನಾನಾಗ ಬಿ.ಕಾಂ. ಎರಡನೆಯ ವರ್ಷವನ್ನು ಎರಡನೆಯ ಸಲ ಓದುತ್ತಿದ್ದೆ. ನನಗೆ ಬರುತ್ತಿದ್ದದ್ದು ಒಂದೇ ವಿದ್ಯೆ: ಯಾರನ್ನಾದರೂ ಎರಡು ನಿಮಿಷ ನೋಡಿದರೆ ಮೂರನೆಯ ನಿಮಿಷಕ್ಕೆ ನಾನೇ ಅವರು. ಪ್ರಿನ್ಸಿಪಾಲರು ಸಿಟ್ಟು ಬರುವ ಮುನ್ನ ಕನ್ನಡಕ ಒರೆಸುವುದು, ಅಪ್ಪ ಪೂಜೆಗೆ ಕುಳಿತು ಒಂದೇ ಕಣ್ಣು ತೆರೆದು ಚಹಾ ಬಂತೇ ಎಂದು ನೋಡುವುದು, ಅವ್ವ ಪಕ್ಕದ ಮನೆಯವರ ಜೊತೆ ಮರಾಠಿ ಮಾತಾಡುತ್ತ ಸಿಟ್ಟು ಬಂದೊಡನೆ ಕನ್ನಡಕ್ಕೆ ಹಾರುವುದು, ಎಲ್ಲವೂ ನನ್ನ ಅಂಗಡಿಯ ಸರಕು. ನನ್ನನ್ನೂ ನಾನು ಬಿಟ್ಟವನಲ್ಲ. ಚೆಂಡಿನ ಕಡೆಗೆ ಹುಲಿಯಂತೆ ಓಡಿ, ಕಣ್ಣು ಮುಚ್ಚಿ, ಚೆಂಡು ಬಿಟ್ಟು ನೆಲ ಒದೆಯುವ ಒಬ್ಬ ಆಟಗಾರನನ್ನು ಮಾಡಿ ತೋರಿಸಿದರೆ ಓಣಿಯೇ ಬಿದ್ದು ಬಿದ್ದು ನಗುತ್ತಿತ್ತು. ಆ ಆಟಗಾರ ನಾನೇ.

ನನ್ನ ಆಟ ಅಷ್ಟು ಚೆನ್ನಾಗಿದ್ದುದರಿಂದಲೇ ನನಗೆ ಬಾವುಟ ಸಿಕ್ಕಿತು. ನಮ್ಮ ಲೀಗಿನಲ್ಲಿ ಲೈನ್‌ಮನ್ನರನ್ನು ಆಯಾ ತಂಡಗಳೇ ಕರೆತರಬೇಕು. ಆಡಿಸಿದರೆ ತೊಂದರೆ, ಮನೆಯಲ್ಲಿ ಬಿಟ್ಟರೆ ಬೇಜಾರು ಎನ್ನುವಂಥವನ ಕೈಗೆ ಬಾವುಟ ಕೊಡುವುದು ವಾಡಿಕೆ. ಚೆಂಡು ಗೆರೆ ದಾಟಿತೋ ಇಲ್ಲವೋ ಎಂದು ಅವನು ನೋಡಬೇಕು. ಅಷ್ಟೇ ಕೆಲಸ. ಅದಕ್ಕೆ ಬಿ.ಕಾಂ. ಪಾಸಾಗಬೇಕಿಲ್ಲ.

ನಮ್ಮ ಓಣಿಯ ತಂಡದ ಕ್ಯಾಪ್ಟನ್ ಸೈಕಲ್ ರಿಪೇರಿ ಅಂಗಡಿಯವ. ಎಲ್ಲರಿಗೂ ಅಣ್ಣ. ಆಗಲೇ ಮೂವತ್ತೆಂಟು ವಯಸ್ಸು, ಎಡ ಮೊಣಕಾಲಿಗೆ ಮಾತ್ರ ಎಪ್ಪತ್ತೆಂಟು. ಹದಿನೆಂಟು ವರ್ಷ ಲೀಗ್ ಆಡಿದ್ದರೂ ಅಣ್ಣ ಒಮ್ಮೆಯೂ ಕೊನೆಯ ನಾಲ್ಕು ತಂಡಗಳೊಳಗೆ ಬಂದಿರಲಿಲ್ಲ. ಆ ನಾಲ್ಕು ತಂಡಗಳ ಪಂದ್ಯ ನಡೆಯುವುದು ಪೇಟೆಯ ದೊಡ್ಡ ಮೈದಾನದಲ್ಲಿ. ಅಲ್ಲಿ ಲೌಡ್‌ಸ್ಪೀಕರ್ ಕಟ್ಟುತ್ತಾರೆ, ಆಟಗಾರರು ಒಳಗೆ ಬರುವಾಗ ಒಬ್ಬೊಬ್ಬರ ಹೆಸರು ಹಿಡಿದು ಕೂಗುತ್ತಾರೆ. ಅಣ್ಣನಿಗೆ ಬೇಕಾಗಿದ್ದದ್ದು ಅದೊಂದೇ. ಕಪ್ ಬೇಡ, ಹಾರ ಬೇಡ, ತನ್ನ ಹೆಸರು ಒಂದು ಸಲ ಆ ಲೌಡ್‌ಸ್ಪೀಕರಿನಲ್ಲಿ ಕೇಳಬೇಕು. ಆದರೆ ಅಣ್ಣನ ಹೆಂಡತಿ, ನಮ್ಮೆಲ್ಲರ ವೈನಿ, ಆಗಲೇ ಅಂತಿಮ ತೀರ್ಪು ಕೊಟ್ಟಾಗಿತ್ತು: "ದೀಪಾವಳಿ ಆಗೂತ್ಲೆ ಆ ಬೂಟ ಬಾವ್ಯಾಗ ಒಗಿತೀನಿ. ಮೊಣಕಾಲಿಗೆ ಎಣ್ಣಿ ತಿಕ್ಕಿ ತಿಕ್ಕಿ ನನ್ನ ಕೈ ಸವದಾವು."

ಆ ವರ್ಷ ಏನಾಯಿತೆಂದರೆ, ಕೊನೆಯ ಪಂದ್ಯದ ಹೊತ್ತಿಗೆ ಮೂರು ತಂಡಗಳು ನಿಕ್ಕಿಯಾಗಿ, ನಾಲ್ಕನೆಯ ಜಾಗಕ್ಕೆ ಇಬ್ಬರು ಉಳಿದರು. ಒಬ್ಬರು ನಾವು, ಇನ್ನೊಬ್ಬರು ಖಾನಾಪುರದ ಹೆಂಚಿನ ಕಾರ್ಖಾನೆಯವರು. ನಮ್ಮಿಬ್ಬರ ನಡುವೆಯೇ ಕೊನೆಯ ಪಂದ್ಯ, ಅದೂ ಅವರ ಮೈದಾನದಲ್ಲಿ. ಅವರು ಗೆದ್ದರೆ ಅವರು ಒಳಗೆ. ಡ್ರಾ ಆದರೂ ನಾವು ಒಳಗೆ.

ಕಾರ್ಖಾನೆಯ ತಂಡವೆಂದರೆ ಪಗಾರದ ತಂಡ. ಗೋವಾದ ಕಡೆಯಿಂದ ಮೂವರನ್ನು ತಂದು, ಹೆಂಚು ಪರೀಕ್ಷೆ ಮಾಡುವ ಕೆಲಸವೆಂದು ಪುಸ್ತಕದಲ್ಲಿ ಬರೆದುಕೊಂಡು, ಚೆಂಡು ಒದೆಯಲು ಬಿಟ್ಟಿದ್ದರು. ಪಂದ್ಯದ ಮುನ್ನ ನಮ್ಮ ಅಣ್ಣ ಅವರಲ್ಲೊಬ್ಬನನ್ನು ಬಹಳ ವಿನಯದಿಂದ ಕೇಳಿದ, "ಹೆಂಚಿನ ಮ್ಯಾಲಿನ ಬಾಜು ಯಾವ್ದು, ಕೆಳಗಿನ ಬಾಜು ಯಾವ್ದು, ಸ್ವಲ್ಪ ಹೇಳ್ರೆಲಾ." ಅವನು ನಕ್ಕು, "ಮಾಹೀತ್ ನಾಹೀ" ಎಂದ. ಅರ್ಧ ಗಂಟೆಯಲ್ಲಿ ಅದೇ ಮನುಷ್ಯ ಗೋಲು ಕಾಯುವ ನಮ್ಮ ಗೋಲಿಯ ಕಾಲಸಂದಿಯಿಂದ ಚೆಂಡು ನುಗ್ಗಿಸಿದ. ಹೆಂಚು ಗೊತ್ತಿಲ್ಲದಿದ್ದರೇನು, ಸಂದಿ ಗೊತ್ತಿತ್ತು.

ಖಾನಾಪುರದ ಆ ಮೈದಾನದ ಒಂದು ಬದಿಗೆ ಹೆಂಚಿನ ಒಟ್ಟಿಲುಗಳು ಎದೆಯೆತ್ತರಕ್ಕೆ ಸಾಲಾಗಿದ್ದವು. ಜನ ಅದರ ಮೇಲೆಯೇ ಕೂರುತ್ತಿದ್ದರು. ನನ್ನ ಗೆರೆ ಆ ಒಟ್ಟಿಲುಗಳ ಮುಂದೆಯೇ ಬಂತು. ಮೊದಲ ಹತ್ತು ನಿಮಿಷ ನಾನು ಬಹಳ ಗಂಭೀರವಾಗಿ ಓಡಾಡಿದೆ. ಹನ್ನೊಂದನೆಯ ನಿಮಿಷಕ್ಕೆ ಕಾಕಾ ಹತ್ತು ಗಜ ಅಳೆದರು. ನನ್ನ ಕಾಲುಗಳು ನನ್ನನ್ನು ಕೇಳದೆ ಅವರ ಹಿಂದೆ ಹಿಮ್ಮಡಿಗೆ ಬೆರಳು ಹಚ್ಚತೊಡಗಿದವು. ಒಟ್ಟಿಲಿನ ಮೇಲೆ ಯಾರೋ ಕಿಸಕ್ ಎಂದರು. ಅಷ್ಟೇ ಸಾಕಿತ್ತು, ನಾನು ಕೆಟ್ಟೆ. ನಕ್ಕವರ ಮುಂದೆ ಸುಮ್ಮನಿರುವ ಶಕ್ತಿ ದೇವರು ನನಗೆ ಕೊಟ್ಟಿಲ್ಲ.

"ಏ ಬಾವುಟಾ! ಸೀಟಿ ಹೆಂಗ ಹಿಡಿತಾರ, ಮಾಡಿ ತೋರ್ಸ!"

ತೋರಿಸಿದೆ.

"ಇಂಚು ಹೆಂಗ ಹೇಳ್ತಾರ?"

ಹೇಳಿದೆ. ಇಡೀ ದ್ವಿತೀಯಾರ್ಧ ನಾನು ಒಂದು ಕಣ್ಣು ಆಟದ ಮೇಲೆ, ಒಂದು ಕಣ್ಣು ಒಟ್ಟಿಲಿನ ಮೇಲೆ ಇಟ್ಟು ಕೆಲಸ ಮಾಡಿದೆ. ಕೊನೆಗೆ ಆಟ ಮುಗಿಯಲು ಐದೇ ನಿಮಿಷ ಉಳಿದಾಗ ನಮಗೆ ಒಂದು ಕಾರ್ನರ್ ಸಿಕ್ಕಿತು. ಅವರು ಒಂದು ಗೋಲು ಮುಂದೆ. ಅಣ್ಣ ಕುಂಟುತ್ತ ಗೋಲಿನ ಎದುರು ಹೋಗಿ ನಿಂತ. ನಾನು ನಿಲ್ಲಬೇಕಾದ ಕಡೆಯಲ್ಲೇ, ಮೂಲೆಯ ಬಳಿಯೇ ನಿಂತಿದ್ದೆ. ಆ ಮಾತಿಗೆ ಈಗಲೂ ಆಣೆ ಮಾಡುತ್ತೇನೆ. ಜಾಗ ಸರಿಯಾಗಿತ್ತು. ಮುಖ ಸರಿಯಾಗಿರಲಿಲ್ಲ.

ಯಾಕೆಂದರೆ ಆ ಹೊತ್ತಿಗೇ ಹಿಂದಿನಿಂದ ಒಬ್ಬ ಕೂಗಿದ: "ಈಗ ಗೋಲ್ ಆತಂದ್ರ ಟೇಲರ್ ಹೆಂಗ ಕೈ ಮಾಡ್ತಾರ?"

ನಾನು ಆಟಕ್ಕೆ ಬೆನ್ನು ಹಾಕಿ ತಿರುಗಿದೆ. ಬಲಗೈ ಚಾಚಿದೆ, ಎಡಗೈ ಭುಜಕ್ಕೆ ಇಟ್ಟೆ. ತುಟಿಯ ಮೂಲೆಗೆ ಇಲ್ಲದ ಸೀಟಿ ಕಚ್ಚಿದೆ. ದೊಡ್ಡ ಗದ್ದಲ ಎದ್ದಿತು. ನನಗಾಗಿಯೋ, ಚೆಂಡಿಗಾಗಿಯೋ, ಇಂದಿಗೂ ತಿಳಿಯದು. ಚಾಚಿದ ಕೈ ಚಾಚಿದಂತೆಯೇ ಗಿರಕ್ಕನೆ ತಿರುಗಿದರೆ, ಅಣ್ಣ ಕೆಮ್ಮಣ್ಣಿನಲ್ಲಿ ಬೋರಲಾಗಿ ಬಿದ್ದಿದ್ದಾನೆ, ಅವರ ಗೋಲಿ ಗೆರೆಯ ಬಳಿ ಚೆಂಡನ್ನು ಕೂಸಿನಂತೆ ಅಪ್ಪಿಕೊಂಡು ಮಲಗಿದ್ದಾನೆ, ಹತ್ತು ಹನ್ನೆರಡು ಕಾಲುಗಳ ಆಚೆಯಿಂದ ಕಾಕಾ ಕತ್ತು ಉದ್ದ ಮಾಡಿ ನನ್ನನ್ನೇ ನೋಡುತ್ತಿದ್ದಾರೆ. ನೋಡಿದರು. ಲೈನ್‌ಮನ್ನಿನ ಕೈ ನಡುಮೈದಾನದ ಕಡೆ ಚಾಚಿದೆ. ಸೀಟಿ ಊದಿದರು. ತಾವೂ ತೋಳಿನ ಅಳತೆ ತೆಗೆದರು.

ಗೋಲು.

ನಮ್ಮವರು ಅಣ್ಣನನ್ನು ಎತ್ತಿ ಕುಣಿಸಿದರು. ನಾನೂ ಹೋಗಿ ಕುಣಿದೆ. ಕುಣಿಯದೆ ಏನು ಮಾಡಲಿ? ಕುಣಿಯುತ್ತಲೇ ಹೊಟ್ಟೆಯೊಳಗೆ ಏನೋ ಒಂದು ಸಣ್ಣಗೆ ಚುಚ್ಚಿತು, ಟೇಲರ್ ತೆಗೆಯಲು ಮರೆತ ಗುಂಡುಸೂಜಿಯ ಹಾಗೆ.

ಕಾರ್ಖಾನೆಯ ಭಟ್ಟಿಯ ಮೇಸ್ತ್ರಿ, ಅವರ ತಂಡದ ಹಿರಿಯ, ಧೋತರ ಎತ್ತಿ ಕಟ್ಟಿ ಮೈದಾನದೊಳಗೆ ಬಂದ. ಮೀಸೆ ಒಂದೊಂದು ಬದಿಗೆ ಒಂದೊಂದು ಹೆಂಚಿನಷ್ಟು. "ಅರೇ ಬಾಬಾ ಟೇಲರ್, ಹೇ ಕಾಯ್? ಚೆಂಡು ಗೆರಿ ಮ್ಯಾಲ ಇತ್ತು, ಗೆರಿ ಮ್ಯಾಲ!"

ಕಾಕಾ ಸೀಟಿ ತೆಗೆಯದೆ ಹೇಳಿದರು: "ದೇಸೂರ ತನಕಾ ಟೈಮ್ ಐತಲ್ಲ, ಮೇಸ್ತ್ರಿ. ಗಾಡ್ಯಾಗ ಬರ್ರಿ."

ಇದು ನಮ್ಮ ಲೀಗಿನ ಪದ್ಧತಿ. ಖಾನಾಪುರದಲ್ಲಿ ಆಟವಿದ್ದರೆ ರೆಫರಿ, ನಾವು, ನಮ್ಮ ಚೆಂಡು, ನಮ್ಮ ಜಗಳ ಎಲ್ಲವೂ ಸಂಜೆಯ ಒಂದೇ ಪ್ಯಾಸೆಂಜರ್ ಗಾಡಿಯಲ್ಲಿ ಬೆಳಗಾವಿಗೆ ಮರಳಬೇಕು. ಒಂದೇ ಹಳಿಯ ದಾರಿ. ಎದುರಿನಿಂದ ಬರುವ ಗಾಡಿ ದೇಸೂರಿನಲ್ಲಿ ನಮ್ಮದನ್ನು ದಾಟುತ್ತದೆ. ಆದ್ದರಿಂದ ಖಾನಾಪುರದವರ ಪರವಾಗಿ ಒಬ್ಬರು ನಮ್ಮ ಜೊತೆ ಹತ್ತಿ, ದೇಸೂರ ತನಕ ವಾದ ಮಾಡಿ, ಅಲ್ಲಿ ಇಳಿದು ಎದುರಿನ ಗಾಡಿ ಹಿಡಿದು ಮನೆಗೆ ಹೋಗಬಹುದು. ಅಲ್ಲಿಯವರೆಗೆ ಯಾರು ಏನು ಕೇಳಿದರೂ ರೆಫರಿ ಉತ್ತರ ಕೊಡಬೇಕು. ದೇಸೂರಿನಲ್ಲಿ ಗಾಡಿ ನಿಂತಾಗ ಕಾಕಾ ತಮ್ಮ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಪಂದ್ಯದ ವರದಿ ಬರೆದು ಸಹಿ ಹಾಕುತ್ತಾರೆ. ಅದರ ನಂತರ ಆ ಪಂದ್ಯದ ಬಗ್ಗೆ ಯಾರೂ ತುಟಿ ಬಿಚ್ಚುವಂತಿಲ್ಲ. ದೇಸೂರ ದಾಟಿದರೆ ಅವರು ಟೇಲರ್, ನಾವು ಗಿರಾಕಿಗಳು.

ಉಳಿದ ಐದು ನಿಮಿಷದಲ್ಲಿ ಮತ್ತೆ ಗೋಲಾಗದೆ ಪಂದ್ಯ ಒಂದಕ್ಕೊಂದು ಡ್ರಾ ಆಗಿತ್ತು. ಗಾಡಿ ಇನ್ನೂ ಬಿಟ್ಟಿರಲಿಲ್ಲ. ಅಣ್ಣ ಕಿಟಕಿಯ ಬಳಿ ಕೂತು ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದ. ಮುಖದಲ್ಲಿ ಇನ್ನೂ ಕೆಮ್ಮಣ್ಣು, ಆ ಕೆಮ್ಮಣ್ಣಿನ ನಡುವೆ ಹಲ್ಲು. ನನ್ನನ್ನು ಹತ್ತಿರ ಕರೆದು, ಯಾರಿಗೂ ಕೇಳದ ಹಾಗೆ ಅಂದ: "ಲೇ ಮಂಗ್ಯಾ, ಆ ಲೌಡ್‌ಸ್ಪೀಕರ್ ಮಾಮಾ ಹೆಂಗ ಹೆಸರ ಕೂಗ್ತಾನ... ಒಮ್ಮಿ ನನ್ನ ಹೆಸರ ಕೂಗೋ. ಸಣ್ಣಾಗಿ."

ನಾನು ಮೂಗು ಹಿಡಿದು, ಗಂಟಲಲ್ಲಿ ಸ್ವಲ್ಪ ಕರಕರ ಬೆರೆಸಿ, ಅಣ್ಣನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರನ್ನೂ ಎಳೆದು ಎಳೆದು ಕೂಗಿದೆ. ಅಣ್ಣ ಕಣ್ಣು ಮುಚ್ಚಿಕೊಂಡು ಕೇಳಿದ. ಹದಿನೆಂಟು ವರ್ಷದ ಆಟಗಾರ ಕಣ್ಣು ಮುಚ್ಚಿಕೊಂಡು ತನ್ನ ಹೆಸರು ಕೇಳುವುದನ್ನು ನೋಡಿದವನಿಗೆ ಅದೇ ಬಾಯಿಯಿಂದ ಇನ್ನೊಂದು ಮಾತು ಹೇಳುವುದು ಎಷ್ಟು ಸುಲಭ, ನೀವೇ ಹೇಳಿ. ಗುಂಡುಸೂಜಿ ಇನ್ನೂ ಅರ್ಧ ಇಂಚು ಒಳಗೆ ಹೋಯಿತು.

ಗಾಡಿ ಬಿಟ್ಟಿತು. ನಮ್ಮ ಎದುರಿನ ಹಲಗೆಯಲ್ಲಿ ಹಲಸಿ ಊರಿನ ಒಬ್ಬ ಮುದಿ ಆಯಿ ಗೆಣಸಿನ ಬುಟ್ಟಿಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದಳು. ಮಗಳ ಮನೆಗೆ ಹೊರಟವಳು. ಮೇಸ್ತ್ರಿ ಬಂದು ಆಯಿಯ ಬಾಜುವಿಗೆ ಕೂತ. ಕಾಕಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದರು.

"ಹಾಂ, ಮೇಸ್ತ್ರಿ. ಹೇಳ್ರಿ."

"ಏನ ಹೇಳೂದ್ರಿ? ನೀವು ಅಲ್ಲಿ ನಡುವ ಇದ್ರಿ. ನಿಮಗ ಕಂಡಿತೇನು?"

"ಇಲ್ಲ" ಎಂದರು ಕಾಕಾ, ಒಂದಿಷ್ಟೂ ನಾಚಿಕೆಯಿಲ್ಲದೆ. "ನನಗ ಅಡ್ಡ ಮಂದಿ ಇದ್ರು. ಲೈನ್‌ಮನ್ ಕೈ ಮಾಡಿದ, ನಾ ಕೊಟ್ಟೆ. ಕಂಡಿದ್ದು ಅಂವಗ. ಕೇಳ್ರಿ ಅಂವನ್ನ."

ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಹುಡುಗರು ಒಳ್ಳೆಯ ಹುರುಪಿನಲ್ಲಿದ್ದರು. "ಹೇಳೂದು ಯಾಕ? ಮಾಡೇ ತೋರಿಸ್ತಾನ ತಗೋರಿ!" ಎಂದು ಹಲಗೆ ಬಡಿದು ನನ್ನನ್ನು ಎಬ್ಬಿಸಿದರು.

ಎದ್ದೆ. ಓಡುವ ಗಾಡಿಯಲ್ಲಿ, ಎರಡು ಹಲಗೆಗಳ ನಡುವಿನ ಜಾಗದಲ್ಲಿ, ಇಡೀ ಪಂದ್ಯವನ್ನು ಒಬ್ಬನೇ ಆಡಿದೆ. ಕಾರ್ನರ್ ಒದೆಯುವ ನಮ್ಮ ಹುಡುಗನಾದೆ, ಒದೆಯುವ ಮುನ್ನ ಮೂರು ಸಲ ಚಡ್ಡಿ ಏರಿಸಿಕೊಂಡೆ. ಗೋವಾದವನಾಗಿ ಮರಾಠಿಯಲ್ಲಿ ಬೈದೆ. ಅವರ ಗೋಲಿಯಾಗಿ ಅಂಗೈಗೆ ಉಗುಳಿ ತಿಕ್ಕಿಕೊಂಡೆ, ಮೇಸ್ತ್ರಿಯೂ ಮೀಸೆಯೊಳಗೆ ನಕ್ಕ. ಅಣ್ಣನಾದೆ, ಕುಂಟುತ್ತ ಬಂದು, ಕುಂಟುವುದನ್ನು ಮರೆತು ಹಾರಿದೆ. ಆಯಿ ಗೆಣಸಿನ ಬುಟ್ಟಿ ಬಿಟ್ಟು ಮುಂದಕ್ಕೆ ಬಾಗಿದ್ದಳು. ತಲೆಗೆ ತಾಗಿದ ಚೆಂಡು ಕೆಳಗೆ ಇಳಿಯುತ್ತಿದೆ, ಗೋಲಿ ಹಿಂದಕ್ಕೆ ಬೀಳುತ್ತಿದ್ದಾನೆ, ಚೆಂಡು ಗೆರೆಯ ಹತ್ತಿರ ಬರುತ್ತಿದೆ...

ಅಲ್ಲಿ ನಿಂತುಹೋದೆ.

ನಿಜವಾಗಿ ನಿಂತುಹೋದೆ. ಕೈ ಗಾಳಿಯಲ್ಲೇ ಉಳಿಯಿತು. ನನ್ನ ವಿದ್ಯೆಯ ಒಂದು ಊನ ನನಗೆ ಅದೇ ಕ್ಷಣದಲ್ಲಿ ಗೊತ್ತಾಯಿತು. ನೋಡಿದ್ದನ್ನು ನಾನು ಹೇಗೆ ಬೇಕಾದರೂ ಮಾಡಬಲ್ಲೆ, ನೋಡದ್ದನ್ನು ಮಾಡಲು ನನಗೆ ಬರುವುದಿಲ್ಲ. ಸುಳ್ಳು ಹೇಳುವುದಾದರೆ ಬಾಯಲ್ಲಿ ಹೇಳಬಹುದಿತ್ತು, 'ಎರಡು ಇಂಚು ಒಳಗ ಇತ್ತು' ಎಂದು. ಆದರೆ ಚೆಂಡು ಹೇಗೆ ಪುಟಿಯಿತು, ಗೋಲಿಯ ಮೊಣಕೈ ಎಲ್ಲಿ ಬಿತ್ತು, ಯಾವುದೂ ನನ್ನ ಮೈಯಲ್ಲಿ ಇರಲಿಲ್ಲ.

ಆಯಿ ಕೇಳಿದಳು: "ಮುಂದ ಏನಾತೋ ತಮ್ಮಾ?"

ಯಾವ ವಕೀಲನೂ ಅಷ್ಟು ಪ್ರೀತಿಯಿಂದ ಸಾಕ್ಷಿಯ ಕುತ್ತಿಗೆ ಹಿಡಿದಿರಲಿಕ್ಕಿಲ್ಲ. ನಾನು ಅಣ್ಣನ ಕಡೆ ನೋಡಿದೆ. ಪಟ್ಟಿ ಸುತ್ತುವ ಕೈ ನಿಂತಿತ್ತು.

"ನಾ ನೋಡಿಲ್ಲ ಆಯಿ" ಎಂದೆ. "ನಾ ಹಿಂದ ತಿರುಗಿದ್ದೆ."

ಕಾಕಾ ಪೆನ್ಸಿಲ್ಲನ್ನು ಕಿವಿಗೆ ಮರಳಿಸಿದರು. "ತಿರುಗಿದ್ದಿ. ಮತ್ತ ಕೈ ಯಾಕ ಮಾಡಿದಿ?"

"ನಿಮ್ಮ... ನಿಮ್ಮ ನಕಲಾ ಮಾಡಾಕ ಹತ್ತಿದ್ದೆ ಕಾಕಾ. ಹೆಂಚಿನ ಮ್ಯಾಲ ಕುಂತವರಿಗೆ."

"ನನ್ನ ನಕಲಾ."

"ಹೂಂರಿ."

"ಮಾಡಿ ತೋರ್ಸ."

ಆ ಹೊತ್ತಿಗೆ ಗಾಡಿ ಹಳಿ ತಪ್ಪಿದ್ದರೂ ನನಗೆ ಸಂತೋಷವೇ ಆಗುತ್ತಿತ್ತು. ತಪ್ಪಲಿಲ್ಲ. ಬಾಯಿಯ ಮೂಲೆಗೆ ಇಲ್ಲದ ಸೀಟಿ ಕಚ್ಚಿದೆ. ಹಿಮ್ಮಡಿಗೆ ಬೆರಳು ಹಚ್ಚಿ ಎರಡು ಹೆಜ್ಜೆ ನಡೆದೆ. ಬಲಗೈ ಚಾಚಿ ಎಡಗೈ ಭುಜಕ್ಕೆ ಇಟ್ಟೆ. ಮೊದಲು ಆಯಿ ನಕ್ಕಳು, ಎದುರಿಗೇ ಅಸಲಿ ಕೂತಿತ್ತಲ್ಲ, ತಾಳೆ ಹಾಕಿ ನಕ್ಕಳು. ಆಮೇಲೆ ಮೇಸ್ತ್ರಿ. ಆಮೇಲೆ ರೈಲಿನ ಇಡೀ ಡಬ್ಬಿ. ಕಾಕಾ ನಗಲಿಲ್ಲ. ತಲೆ ಓರೆ ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದರು:

"ಎಡಗೈ ಇನ್ನ ಒಂದ ಇಂಚು ಮ್ಯಾಲ ಬರ್ಬೇಕು."

ನಗೆ ಅಡಗಿದ ಮೇಲೆ ಅವರು ಮೇಸ್ತ್ರಿಯ ಕಡೆ ತಿರುಗಿದರು. "ಹಂಗಾರ ನೀವು ಹೇಳ್ರಿ. ಗೆರಿ ಮ್ಯಾಲ ಇತ್ತು ಅಂದ್ರೆಲ್ಲ, ನೀವು ಖರೇ ನೋಡೀರೇನು?"

ಮೇಸ್ತ್ರಿ ಮೀಸೆಯ ಎರಡೂ ಹೆಂಚುಗಳನ್ನು ತಿರುವಿದ. ಕಿಟಕಿಯ ಹೊರಗೆ ನೋಡಿದ. ಆಮೇಲೆ ನಿಟ್ಟುಸಿರು ಬಿಟ್ಟು, "ಏನ ಖರೇ ಹೇಳ್ಲಿ ಟೇಲರ್" ಎಂದ. "ನಾ ಸೈತ ಈ ಮಂಗ್ಯಾನ ನೋಡಾಕ ಹತ್ತಿದ್ದೆ. 'ಗೋಲ್ ಆದ್ರ ಹೆಂಗ ಕೈ ಮಾಡ್ತಾರ' ಅಂತ ಕೇಳಿದಾಂವ ನಾನ."

ಡಬ್ಬಿ ಮತ್ತೊಮ್ಮೆ ಅಲುಗಾಡಿತು. ವಿಚಾರಿಸಿ ನೋಡಿದರೆ, ಆ ಬದಿಯಲ್ಲಿ ಇದ್ದ ಖಾನಾಪುರದ ಒಂದು ಪ್ರಾಣಿಯೂ ಚೆಂಡನ್ನು ನೋಡಿರಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು. ನಮ್ಮ ಹುಡುಗರಿಗೆ ಕಂಡದ್ದು ಅಡ್ಡ ಬಂದ ಕಾಲುಗಳು ಮಾತ್ರ. ಉಳಿದವರು ಅಣ್ಣ ಮತ್ತು ಅವರ ಗೋಲಿ. ಗೋಲಿ ಗಾಡಿಯಲ್ಲಿ ಇರಲಿಲ್ಲ, ಇದ್ದಿದ್ದರೂ ತನ್ನ ಗೋಲಿನ ವಿರುದ್ಧ ಯಾವ ಗೋಲಿ ಸಾಕ್ಷಿ ಹೇಳುತ್ತಾನೆ? ಕಾಕಾ ಅಣ್ಣನನ್ನು ಕೇಳಿದರು. ಅಣ್ಣ 'ಒಳಗಿತ್ತು' ಎಂದರೆ ಮುಗಿದುಹೋಗುತ್ತಿತ್ತು, ಯಾರೂ ಅಲ್ಲಗಳೆಯುವ ಸ್ಥಿತಿಯಲ್ಲಿ ಇರಲಿಲ್ಲ.

ಅಣ್ಣ ಪಟ್ಟಿಯ ಗಂಟು ಕಟ್ಟಿ ಮುಗಿಸಿ ಹೇಳಿದ: "ನನ್ನ ಬಾಯಾಗ ಮಣ್ಣು, ಕಣ್ಣಾಗ ಮಣ್ಣು. ಗೋಲ್ ಅಂತ ಇವ್ರು ಒದರಿದ್ದು ಕೇಳಿಸ್ತು. ಕಂಡಿಲ್ಲ ಕಾಕಾ."

ಗಾಡಿ ನಿಧಾನವಾಯಿತು. ದೇಸೂರ. ಎದುರಿನ ಗಾಡಿ ಇನ್ನೂ ಬಂದಿರಲಿಲ್ಲ. ಕಾಕಾ ಯಾರದೋ ಸೊಂಟದ ಅಳತೆಯ ಹಿಂದಿನ ಹಾಳೆ ತೆಗೆದು, ಗಟ್ಟಿಯಾಗಿ ಓದುತ್ತ ಬರೆದರು: "ಚೆಂಡು ಯಾರೂ ನೋಡಿಲ್ಲ. ಪಂದ್ಯ ಮತ್ತೊಮ್ಮೆ ಆಡಬೇಕು." ಎಲ್ಲಿ ಆಡುವುದು ಎಂಬ ಮಾತು ಬಂತು. ಮಳೆ ನಿಂತಿದ್ದರಿಂದ ಮರುದಿನದಿಂದಲೇ ಖಾನಾಪುರದ ಮೈದಾನದ ತುಂಬ ಹಸಿ ಹೆಂಚು ಒಣಹಾಕುವವರಿದ್ದರು. ಅದರ ಮೇಲೆ ಆಡಿದರೆ ಕಾರ್ಖಾನೆಯ ಮಾಲೀಕರೇ ಆಟಗಾರರನ್ನು ಭಟ್ಟಿಗೆ ಹಾಕುತ್ತಿದ್ದರು. ಹೀಗಾಗಿ ಮುಂದಿನ ರವಿವಾರ ಬೆಳಗಾವಿಯಲ್ಲಿ, ನಮ್ಮ ಓಣಿಯ ಹಿಂದಿನ ಸಣ್ಣ ಬಯಲಿನಲ್ಲಿ ಎಂದು ಠರಾವಾಯಿತು. ಮೇಸ್ತ್ರಿ ಒಪ್ಪಿದ, ಒಂದು ಷರತ್ತು ಹಾಕಿ. "ಈ ಮಂಗ್ಯಾನ ಕೈಯಾಗ ಬಾವುಟಾ ಇರಬಾರ್ದು."

"ಇರಾಂಗಿಲ್ಲ" ಎಂದು ನಮ್ಮವರೇ ಎಲ್ಲರಿಗಿಂತ ಮೊದಲು ಕೂಗಿದರು.

ಎದುರಿನ ಗಾಡಿ ಬಂತು. ಮೇಸ್ತ್ರಿ ಇಳಿಯುವಾಗ ಆಯಿ ಅವನ ಕೈಗೊಂದು, ನನ್ನ ಕೈಗೊಂದು ಗೆಣಸು ಕೊಟ್ಟಳು. "ಭಾಳ ಚಂದ ಆಟಾ ತೋರ್ಸಿದ್ರಿ" ಎಂದಳು. ಇಡೀ ಸೀಸನ್ನಿನಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ.

ಗಾಡಿ ಹೊರಟ ಮೇಲೆ ನಾನು ಅಣ್ಣನ ಬಾಜುವಿಗೆ ಹೋಗಿ ಕೂತೆ. ತಪ್ಪಾಯಿತು ಎನ್ನಬೇಕು. ಬಾಯಿ ತೆರೆದೆ. ಕಾಕಾ ಎದುರಿನಿಂದ ಪೆನ್ಸಿಲ್ ಎತ್ತಿದರು: "ದೇಸೂರ ದಾಟೈತಿ." ನೋಡಿ, ಕ್ಷಮೆ ಕೇಳುವುದಕ್ಕೂ ನಮ್ಮಲ್ಲಿ ಸ್ಟೇಷನ್ ಇತ್ತು. ಬಾಯಿ ಮುಚ್ಚಿಕೊಂಡು ಗೆಣಸು ಹಿಡಿದು ಕೂತೆ. ಅಣ್ಣ, ಕಿಟಕಿಯ ಕಡೆ ಮುಖ ಮಾಡಿಯೇ, "ನಿನ್ನ ಸೈಕಲ್ಲಿನ ಹಿಂದಿನ ಗಾಲಿ ಅಳ್ಳಾಡಾಕ ಹತ್ತೈತಿ. ನಾಳೆ ಮುಂಜಾನೆ ತಂದ ಬಿಡು" ಎಂದ. ನಾನು ಗೆಣಸನ್ನು ಮುರಿದು ಅರ್ಧ ಅವನಿಗೆ ಕೊಟ್ಟೆ. ಹಸಿ ಗೆಣಸು. ಇಬ್ಬರೂ ಕರುಕುರು ತಿಂದೆವು.

ಮರುಪಂದ್ಯದ ಬಗ್ಗೆ ಹೇಳಲು ಏನೂ ಇಲ್ಲ, ಅದೇ ಅದರ ಸೊಗಸು. ಓಣಿಯ ಪೋಸ್ಟ್‌ಮನ್ನಿನ ಕೈಗೆ ಬಾವುಟ ಕೊಟ್ಟಿದ್ದರು. ಮನೆಯ ನಂಬರು ಬಿಟ್ಟು ಬೇರೆ ಕಡೆ ನೋಡಿದ ಮನುಷ್ಯನೇ ಅಲ್ಲ ಅವರು. ನನ್ನನ್ನು ಗೋಲಿನ ಹಿಂದೆ, ವೈನಿಯ ಪಕ್ಕದಲ್ಲಿ ಕೂರಿಸಿ ಬಾಯಿ ತೆರೆದರೆ ಹಾಕಲೆಂದು ಅವರ ಕೈಗೆ ಚುರುಮುರಿಯ ಪೊಟ್ಟಣ ಕೊಟ್ಟಿದ್ದರು. ಕಾರ್ಖಾನೆಯವರಿಗೆ ಗೋಲು ಹತ್ತಲಿಲ್ಲ, ನಮಗೆ ಹೊಡೆಯಲು ಬರಲಿಲ್ಲ. ಇಷ್ಟು ಬೇಸರದ ಪಂದ್ಯವನ್ನು ಬೆಳಗಾವಿ ಎಂದೂ ನೋಡಿರಲಿಲ್ಲ ಎಂದು ಹಿರಿಯರು ಎದ್ದು ಹೋದರು. ಸೊನ್ನೆ, ಸೊನ್ನೆ. ಡ್ರಾ. ನಾವು ಒಳಗೆ. ಗೆರೆ ದಾಟಿದ ಚೆಂಡಿಲ್ಲ, ಅಳೆಯಲು ಇಂಚಿಲ್ಲ. ಅಣ್ಣ ಮೈದಾನದ ನಡುವೆ ಕೂತು ಚಿಕ್ಕ ಮಗುವಿನ ಹಾಗೆ ನಕ್ಕ. ಮೇಸ್ತ್ರಿ ಬಂದು ಅವನನ್ನು ಎತ್ತಿ ನಿಲ್ಲಿಸಿದ.

ಈಗ ಪ್ಯಾಂಟಿನ ವಿಷಯ. ದೀಪಾವಳಿಗೆಂದು ನಾನೂ ಕಾಕಾನ ಅಂಗಡಿಗೆ ಬಟ್ಟೆ ಕೊಟ್ಟಿದ್ದೆ. ಸಾಸಿವೆ ಹಳದಿ ಬಣ್ಣ. ಇಪ್ಪತ್ತಾರು ಇಂಚಿನ ಬೆಲ್ ಬಾಟಮ್ ಎಂದು ಹೇಳಿ ಬಂದಿದ್ದೆ. ನಡೆದರೆ ಓಣಿ ಗುಡಿಸಬೇಕು, ಅದು ಆಗಿನ ಫ್ಯಾಷನ್. ದೊಡ್ಡ ಮೈದಾನದ ಪಂದ್ಯದ ದಿನ ಮುಂಜಾನೆ ಕಾಕಾ ಪೊಟ್ಟಣ ಕಳಿಸಿದರು. ಬಿಚ್ಚಿ ನೋಡಿದರೆ ಎರಡು ಹಳದಿ ಕೊಳವೆಗಳು. ಕಾಲು ತೂರಿಸಲು ತಮ್ಮನೂ ಅವ್ವನೂ ಎರಡು ಬದಿಯಿಂದ ಎಳೆಯಬೇಕಾಯಿತು. ಹಾಕಿಕೊಂಡೇ ಅಂಗಡಿಗೆ ಹೋದೆ. ಹೋದೆ ಎನ್ನುವುದಕ್ಕಿಂತ, ಹಿಮ್ಮಡಿಗೆ ಬೆರಳು ಹಚ್ಚಿ ಹಚ್ಚಿ ಮುಟ್ಟಿದೆ. ಅದಕ್ಕಿಂತ ದೊಡ್ಡ ಹೆಜ್ಜೆ ಇಡಲು ಆ ಪ್ಯಾಂಟು ಬಿಡುತ್ತಿರಲಿಲ್ಲ.

"ಕಾಕಾ, ಇದು ಬೆಲ್ ಬಾಟಮ್ ಅಲ್ರಿ."

"ಅರಬಿ ಸಾಲಲಿಲ್ಲ" ಎಂದರು ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

"ನಾ ಎರಡು ಗಜ ಬಟ್ಟೆ ಕೊಟ್ಟಿದ್ನೆಲ್ರಿ?"

ಕಾಕಾ ಬಾಜುವಿನ ಸ್ಟೂಲಿನ ಕಡೆ ಕೈ ಮಾಡಿದರು. ಅಲ್ಲಿ ಮಡಿಚಿಟ್ಟಿದ್ದವು, ಅಂಚು ಹೊಲಿದು, ಕೋಲು ಸಿಕ್ಕಿಸಿ, ಎರಡು ಸಾಸಿವೆ ಹಳದಿ ಬಾವುಟಗಳು. "ಹಳೇವು ಹರದಿದ್ವು" ಎಂದರು. "ಇವತ್ತ ದೊಡ್ಡ ಮೈದಾನದಾಗ ನಿನ್ನ ಬೆಲ್ ಬಾಟಮ್ ಎರಡೂ ಕಡೆ ಓಡ್ತೈತಿ. ಹೋಗು, ಹಿಂದ ತಿರುಗಬ್ಯಾಡ."

ತಿರುಗುವುದು ಸಾಧ್ಯವೂ ಇರಲಿಲ್ಲ. ಆ ಪ್ಯಾಂಟಿನಲ್ಲಿ ಕೂರಲು ಬರುತ್ತಿರಲಿಲ್ಲ, ಬಾಗಲು ಬರುತ್ತಿರಲಿಲ್ಲ. ದೊಡ್ಡ ಮೈದಾನದ ಹಗ್ಗದ ಬಳಿ ಇಡೀ ಪಂದ್ಯ ಕಂಬದ ಹಾಗೆ ಆಟದ ಕಡೆ ಮುಖ ಮಾಡಿ ನಿಂತೆ. ನನ್ನ ಜೀವನದಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡಿದ ಏಕೈಕ ಪಂದ್ಯ ಅದು. ಲೌಡ್‌ಸ್ಪೀಕರಿನವ ಮೂಗಿನಲ್ಲಿ, ಕರಕರ ಗಂಟಲಲ್ಲಿ, ಅಣ್ಣನ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಎಳೆದು ಎಳೆದು ಕೂಗಿದ. ಅಣ್ಣ ಕಣ್ಣು ಮುಚ್ಚಲಿಲ್ಲ. ನನ್ನನ್ನು ಹುಡುಕಿ, 'ನೀ ಮಾಡಿದ್ದು ಇದಕ್ಕಿಂತ ಚೊಲೋ ಇತ್ತು' ಎಂಬಂತೆ ಕೈ ಬೀಸಿ ಒಳಗೆ ಓಡಿದ.

ಮೂರು ಗೋಲಿನಿಂದ ಸೋತೆವು. ಅದು ದೊಡ್ಡ ಸುದ್ದಿಯಲ್ಲ. ನಾಲ್ಕನೆಯದು ಆಗಲಿಲ್ಲ, ಅದು ಸುದ್ದಿ. ನಮ್ಮ ಗೋಲಿ ಎಲ್ಲೋ ಬಿದ್ದಿದ್ದ, ಚೆಂಡು ಖಾಲಿ ಗೋಲಿನ ಕಡೆ ಉರುಳುತ್ತಿತ್ತು, ಅಣ್ಣ ಹಿಂದಿನಿಂದ ಓಡಿ ಬಂದು, ಕೆಟ್ಟ ಕಾಲು ಚಾಚಿ ಜಾರಿ, ಗೆರೆಯ ಮೇಲಿಂದ ಅದನ್ನು ಹೊರಗೆ ಎಳೆದ. ಆ ತಂಡದವರೆಲ್ಲ ಗೋಲ್ ಎಂದು ಕೂಗಿದರು. ಬಾವುಟವಾಗಿದ್ದ ನನ್ನ ಬೆಲ್ ಬಾಟಮ್ ಮೂಲೆಯಲ್ಲಿ ಅಲುಗಾಡದೆ ನಿಂತಿತ್ತು. ಕಾಕಾ ಅದನ್ನು ನೋಡಿದರು, ಸೀಟಿ ಊದಲಿಲ್ಲ.

ಸಂಜೆ ಸೈಕಲ್ ಅಂಗಡಿಯ ಮುಂದೆ ಓಣಿಯವರೆಲ್ಲ ಸೇರಿದ್ದರು. ಅಣ್ಣ ಗೆರೆ ಕಾದ ಹೊತ್ತಿಗೆ ವೈನಿ ಅಡಿಗೆಯ ಒಲೆ ನೋಡಲು ಮನೆಗೆ ಹೋಗಿದ್ದರಂತೆ, ಆ ಒಂದು ಗಳಿಗೆ ಅವರಿಗೆ ತಪ್ಪಿತ್ತು. "ಏನ ಮಾಡಿದ್ರೋ ಇವರು, ತೋರ್ಸು" ಎಂದರು. ನಾನು ಸುರುಮಾಡಿದೆ. ಚೆಂಡಾದೆ, ಬಿದ್ದ ಗೋಲಿಯಾದೆ, ಕೂಗುವ ಎದುರಾಳಿಯಾದೆ. ಅಣ್ಣನಾಗಿ ಕುಂಟುತ್ತ ಓಡಿ ಬಂದೆ.

"ಮುಂದ?" ಎಂದರು ವೈನಿ.

ಮುಂದಿನದು ಈ ಸಲ ನನಗೆ ಗೊತ್ತಿತ್ತು. ಗೆರೆ ದಾಟಲು ಅರ್ಧ ಇಂಚು ಉಳಿದ ಚೆಂಡು, ಹಿಮ್ಮಡಿ ಎಲ್ಲಿ ಊರಿತು, ಮೊಣಕೈ ಎಲ್ಲಿ ಬಿತ್ತು, ಎಲ್ಲವೂ. ಕಾಲು ಚಾಚಿ ಜಾರಿದೆ. ಪರ್ರ್ ಎಂದು ಹಿಂದುಗಡೆಯ ಹೊಲಿಗೆ ಸೊಂಟದಿಂದ ಮೊಣಕಾಲಿನವರೆಗೆ ಬಿಟ್ಟುಕೊಂಡಿತು. ಓಣಿ ನಕ್ಕ ಸದ್ದು ದೊಡ್ಡ ಮೈದಾನದ ತನಕ ಕೇಳಿಸಿರಬೇಕು. ಅಣ್ಣ ನಗುತ್ತ ನಗುತ್ತ ಮೊಣಕಾಲು ಹಿಡಿದುಕೊಂಡು ಕೂತ. ವೈನಿ ಕಣ್ಣೀರು ಒರೆಸಿಕೊಳ್ಳುತ್ತ, ಕೈಯಲ್ಲಿದ್ದ ಬೂಟುಗಳನ್ನು ಬಾವಿಗೆ ಒಗೆಯುವ ಬದಲು ಅಂಗಡಿಯ ಮೊಳೆಗೆ ತೂಗುಹಾಕಿದರು. ಅಣ್ಣ ಈಗ ಮಹಾಂತೇಶ ನಗರದಲ್ಲಿ ಮನೆ ಕಟ್ಟಿಸಿದ್ದಾನೆ. ಬೂಟುಗಳು ಅಲ್ಲಿಯೂ ಒಂದು ಮೊಳೆಗೆ ತೂಗುತ್ತಿವೆ.

ಮರುದಿನ ಹರಿದ ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಕಾನ ಮುಂದೆ ನಿಂತೆ. ಅವರು ಅದನ್ನು ತಿರುವಿ ಹಾಕಿ, ಒಳಗಿನ ಅಂಚನ್ನು ಬೆರಳಿನಿಂದ ಬಿಡಿಸಿ ನನಗೆ ತೋರಿಸಿದರು. ಎರಡೂ ಬದಿಗೆ ಬಟ್ಟೆ ಮಡಿಚಿ ಉಳಿಸಿದ್ದರು.

"ಹರೀತೈತಿ ಅಂತ ಗೊತ್ತಿತ್ತು" ಎಂದರು, ಗುಂಡುಸೂಜಿಗಳ ನಡುವಿನಿಂದ. "ಒಳಗ ಎರಡೆರಡ ಇಂಚು ಬಿಟ್ಟೇನಿ. ಕುಂದ್ರು, ಬಿಚ್ಚಿ ಕೊಡ್ತೀನಿ."